ವೃದ್ಧರ ಬಾಯಿಯ ಆರೋಗ್ಯ

ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಉಡುತಡಿಯ ಸುತ್ತಣ ಶಿಕಾರಿಪುರ, ಸೊರಬ ಸೀಮೆಗಳ ಮನೆಗಳಲ್ಲಿ ಕುಟ್ಟಾಣಿಯ ಸದ್ದನ್ನು ಕೇಳಿದ ನೆನಪು ನಮ್ಮಲ್ಲಿ ಅನೇಕರಿಗುಂಟು. ಹಲ್ಲು ಬಿದ್ದ ಅಜ್ಜಿಯು ಎಲೆಯಡಿಕೆಯನ್ನು ಅದರಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುವಳು. ವಯಸ್ಸಾಯಿತು, ಹಲ್ಲು ಹೋಯಿತು ಎಂದು ನಾವು ಸುಮ್ಮನಾಗುವೆವು. ಹೀಗೆ ಸುಮ್ಮನಿರುವುದು ತಪ್ಪೆಂದೇ ನಮ್ಮ ಅಭಿಪ್ರಾಯವು.

ಉಗುಳೆಂದೊಡನೆ ಮುಖ ಸಿಂಡರಿಸುವ ನಾವು ಅದರ ಉಪಕಾರವನ್ನು ಅರಿತಿಲ್ಲ. ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸವು ಬಾಯಲ್ಲಿ ಊರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ನೀರೇ. ಉಳಿದ ಅಲ್ಪಾಂಶದಲ್ಲಿ ಹುಳಿಯನ್ನು ಮುರಿಯುವ ಬೈಕಾರ್ಬೊನೇಟು, ಹಲ್ಲಿನ ಮೇಲ್ಪದರವನ್ನು ಕಾಯುವ ಸುಣ್ಣ ರಂಜಕಗಳ ಅಂಶ, ಬಾಯಿಯನ್ನು ನುಣುಪಾಗಿರಿಸುವ ಲೋಳೆ, ರೋಗಾಣುಗಳನ್ನು ತಡೆಯುವ ಲೈಸೋಜೈಮು ಮೊದಲಾದುವು ಇರುವುವು. ಆದರೆ ಉಜ್ಜದೆ ಬಿಟ್ಟ ಹಲ್ಲಿನ ಪಾಚಿಯಲ್ಲಿ ಅದೇ ಸುಣ್ಣದ ಅಂಶವು ಸೇರಿ ಕಲ್ಲಾಗುವುದು. ಲಾಲಾರಸದ ನಾಳಗಳು ನಾಲಗೆಯ ಕೆಳಗೆ ತೆರೆಯುವುದರಿಂದ, ಕೆಳಸಾಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಈ ಕಿಟ್ಟವು ಹೆಚ್ಚು. ಅಲ್ಲಿ ವಸಡು ಊದಿ, ರಕ್ತ ಒಸರಿ, ಹಲ್ಲನ್ನು ಹಿಡಿದ ಎಲುಬು ಸವೆಯುತ್ತ ಹೋಗುವುದು. ಬಹುಮಟ್ಟಿಗೆ ನೋವಿಲ್ಲದಿರುವುದರಿಂದ ಮನೆಯವರಿಗೂ ತಿಳಿಯದು. ಕಣ್ಣಿನ ಪೊರೆಯನ್ನು ತೆಗೆಯಿಸಲು ಶಿವಮೊಗ್ಗೆಗೆ ಕರೆದೊಯ್ಯುವ ಮಕ್ಕಳೂ ವಸಡಿಗೆ ಲವಂಗದೆಣ್ಣೆ ಹಚ್ಚಿ ತೃಪ್ತರಾಗುವರು!

ಮುಪ್ಪಿನಲ್ಲಿ ಬಾಯಿ ಒಣಗುವುದು ಸಹಜವೆನ್ನುವರು. ವಯಸ್ಸಿಗಿಂತ ಹೆಚ್ಚಾಗಿ ಔಷಧಗಳೇ ಇದಕ್ಕೆ ಕಾರಣ. ರಕ್ತದೊತ್ತಡ, ಅಲರ್ಜಿ, ಖಿನ್ನತೆ ಇವುಗಳಿಗೆ ಕೊಡುವ ಹಲವು ಗುಳಿಗೆಗಳು ಲಾಲಾರಸವನ್ನು ಕುಗ್ಗಿಸುವುವು. ಸಕ್ಕರೆಯ ಕಾಯಿಲೆಯು ವಸಡನ್ನು ಕೆಡಿಸುವುದು. ಕೆಟ್ಟ ವಸಡು ಆ ಕಾಯಿಲೆಯನ್ನು ಹತೋಟಿಗೆ ಬಾರದಂತೆ ಮಾಡುವುದು.

ಬಾಯೊಣಗಿದ ಅಜ್ಜಿಯು ಮತ್ತೆ ಕುಟ್ಟಾಣಿಗೇ ಕೈಯಿಡುವಳು. ಅಡಿಕೆಯಲ್ಲಿನ ಅರೆಕೊಲೀನು ಬಾಯಲ್ಲಿ ನೀರೂರಿಸುವುದು ನಿಜ. ಆದರೆ ಅಡಿಕೆಯ ದೀರ್ಘಾಭ್ಯಾಸದಿಂದ ವಸಡು ಕೆಡುವುದಲ್ಲದೆ, ಕೆನ್ನೆಯ ಒಳಪೊರೆಯು ಬಿರುಸಾಗಿ ಬಾಯಿ ತೆರೆಯಲಾರದ ಸ್ಥಿತಿಯೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಎಣಿಸಿದೆ. ನಮ್ಮ ಸೀಮೆಯ ಎಷ್ಟೋ ಹೆಣ್ಣುಮಕ್ಕಳ ಶಾಲೆಯ ಫೀಸು ಅಡಿಕೆಯ ಕೊಯ್ಲಿನಿಂದಲೇ ಬಂದುದೆಂಬುದನ್ನು ನಾವು ಮರೆತಿಲ್ಲ; ಇದನ್ನು ಬರೆಯಲು ಸಂಕೋಚವೂ ಉಂಟು. ಆದರೂ ಬರೆಯದೆ ಇರಲಾರೆವು.

ಆರೋಗ್ಯಶಾಸ್ತ್ರದ ಪಾಠವನ್ನು ಇಲ್ಲಿ ಕಲಿತು ಹೋದ ಸೋದರಿಯರು, ತವರಿಗೆ ಹೋದಾಗ ತಾಯಿಯ, ಅತ್ತೆಯ ಮನೆಯಲ್ಲಿ ಅತ್ತೆಯವರ ಬಾಯನ್ನು ಒಮ್ಮೆ ಬೆಳಕಿನಲ್ಲಿ ನೋಡಬೇಕು. ಗುಳಿಗೆಯನ್ನು ತಾವಾಗಿ ನಿಲ್ಲಿಸದೆ, ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಇದ್ದಿಲು, ಇಟ್ಟಿಗೆಯ ಪುಡಿಗಳನ್ನು ಬಿಡಿಸಿ ಮೃದುವಾದ ಬ್ರಷ್ಷನ್ನು ಕೊಡಿಸಬೇಕು. ಹಲ್ಲಿನ ಕಿಟ್ಟವನ್ನು ದಂತವೈದ್ಯರಿಂದ ತೆಗೆಯಿಸಬೇಕು. ಕಟ್ಟಿಸಿದ ಹಲ್ಲಿದ್ದರೆ ಅದನ್ನು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡತಕ್ಕದ್ದು.