ನಕಾಶೆಯ ಚುಕ್ಕೆಗೆರೆಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಟ್ಟ ಹತ್ತುವವರಿಗೆ ಕೊರತೆಯಿಲ್ಲ. ಸಾವನದುರ್ಗದ ಬಂಡೆಯನ್ನೂ ರಾಮದೇವರ ಬೆಟ್ಟವನ್ನೂ ಏರಲು ರಜಾದಿನಗಳಲ್ಲಿ ಬೆಂಗಳೂರಿನಿಂದ ಜನರು ತಂಡತಂಡವಾಗಿ ಬರುವರು. ಬಂಡೆಯ ನೆತ್ತಿಗೆ ದಾರಿ ಬಲ್ಲ ಇವರನ್ನು, ಬೆಟ್ಟದ ಬುಡದಿಂದ ಮುಂದಿನ ಊರಿಗೆ ಹೊಲಗಳ ನಡುವೆ ನಡೆದುಹೋಗುವ ದಾರಿ ಯಾವುದೆಂದು ಕೇಳಿದರೆ ಉತ್ತರವಿಲ್ಲ. ಇದು ಪರಸ್ಥಳದವರ ಅಜ್ಞಾನ ಮಾತ್ರವೇ ಆಗಿದ್ದರೆ ಚಿಂತೆಯಿರುತ್ತಿರಲಿಲ್ಲ. ಯಾರ ತಾತಮುತ್ತಾತಂದಿರು ಆ ದಾರಿಗಳಲ್ಲಿಯೇ ಸಂತೆಗೆ ಹೋಗಿಬಂದರೋ ಅವರ ಮನೆಯ ಮಕ್ಕಳಿಗೂ ಇಂದು ಅವು ತಿಳಿಯದೆ ಹೋಗುತ್ತಿರುವುದು ಶೋಚನೀಯವಾದ ಸಂಗತಿ.

ಹಳ್ಳಿಹಳ್ಳಿಗೂ ಮೋಟಾರು ರಸ್ತೆ ಬಂದಿರುವಾಗ ಕಾಲುದಾರಿಯ ಗೊಡವೆ ಏತಕ್ಕೆ ಎಂದು ಕೆಲವರು ಕೇಳುವರು. ಹೀಗೆ ಕೇಳುವವರು ಸಾಮಾನ್ಯವಾಗಿ ವಾಹನವುಳ್ಳವರು. ಮುಂಜಾನೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಹೆಂಗಸು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳುಮನೆಗೆ ಮರಳುವ ರೈತ, ದನಗಳನ್ನು ಗೋಮಾಳಕ್ಕೆ ಅಟ್ಟಿಕೊಂಡು ಹೋಗುವ ಮುದುಕ, ಇವರು ಆ ಪ್ರಶ್ನೆಯನ್ನು ಕೇಳುವುದಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಈ ಸೀಮೆಯ ಹೊಲಗಳ ನಡುವೆಯೇ ಹಾಯ್ದಿದೆ. ಪಾದಚಾರಿಯ ಮಾತು ಹಾಗಿರಲಿ, ಅದೇ ವರ್ಷದ ಆಗಸ್ಟಿನಿಂದ ದ್ವಿಚಕ್ರವಾಹನಕ್ಕೂ ಅದರ ಮುಖ್ಯಪಥದಲ್ಲಿ ಎಡೆಯಿಲ್ಲ. ದೂರದ ಮೈಸೂರನ್ನು ಹತ್ತಿರ ತಂದ ರಸ್ತೆ, ಆಚೆ ಮಗ್ಗುಲಿನ ಹಳ್ಳಿಯನ್ನು ದೂರ ಮಾಡಿತು.

ಹೊಸದಾಗಿ ದಾರಿಗಳನ್ನು ಕಡಿಯಬೇಕಾದ ಪ್ರಮೇಯವೇ ಇಲ್ಲ. ಕಂದಾಯ ಇಲಾಖೆಯ ಗ್ರಾಮನಕಾಶೆಗಳಲ್ಲಿ ಕಾಲುದಾರಿಯನ್ನು ಒಂದು ಸಾಲು ಚುಕ್ಕೆಗೆರೆಯಿಂದಲೂ ಬಂಡಿದಾರಿಯನ್ನು ಎರಡು ಸಾಲುಗಳಿಂದಲೂ ಗುರುತಿಸಿರುವರು. ಸಾರ್ವಜನಿಕ ರಸ್ತೆ, ಬೀದಿ, ಓಣಿ, ಹಾದಿಗಳು ಸರ್ಕಾರದ ಸ್ವತ್ತೆಂದು 1964ರ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಸರ್ವೆ ನಂಬರಿನೊಳಗೆ ಹಾಯುವ ಸಾರ್ವಜನಿಕ ದಾರಿಯನ್ನು ಪಹಣಿಯಲ್ಲಿ ‘ಬ’ ಖರಾಬೆಂದು ಬೇರೆ ತೋರಿಸುವ ಪದ್ಧತಿಯೂ ಉಂಟು. ನಕಾಶೆಯಲ್ಲಿ ಕಾಣದ ದಾರಿಗೂ ಆಧಾರವಿಲ್ಲದಿಲ್ಲ: ಇಪ್ಪತ್ತು ವರ್ಷ ಬಹಿರಂಗವಾಗಿ, ಹಕ್ಕೆಂದು, ತಡೆಯಿಲ್ಲದೆ ನಡೆದವನ ಹಕ್ಕನ್ನು 1882ರ ಈಸ್‌ಮೆಂಟ್ ಕಾಯಿದೆಯು ಮನ್ನಿಸುತ್ತದೆ.

ಹೀಗಿರಲು ದಾರಿಗಳು ಅಳಿಯುವುದೇಕೆ? ಬೇಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ತಡೆಯನ್ನು 2020ರ ಭೂಸುಧಾರಣಾ ತಿದ್ದುಪಡಿಯು ತೆಗೆದುಹಾಕಿತು. ರಾಜಧಾನಿಗೆ ಸಮೀಪವಾದ ಈ ಸೀಮೆಯಲ್ಲಿ ತೋಟದ ಮನೆಗಾಗಿ ಭೂಮಿ ಕೊಂಡವನ ಮೊದಲ ಕೆಲಸ ತಂತಿಬೇಲಿ, ಎರಡನೆಯದು ಪ್ರವೇಶವಿಲ್ಲವೆಂಬ ಹಲಗೆ. ಹಳ್ಳಿಯ ಗಾಳಿಗೆಂದು ಬಂದವನು ಹಳ್ಳಿಯವನ ಹಾದಿಯನ್ನು ಮುಚ್ಚಿ ಕೂರುವುದು ಯಾವ ನ್ಯಾಯ? ಆದರೆ ಅಪರಾಧವನ್ನೆಲ್ಲ ಪಟ್ಟಣದವನ ತಲೆಗೆ ಕಟ್ಟುವುದೂ ಸಲ್ಲದು. ವರ್ಷಕ್ಕೊಂದು ನೇಗಿಲ ಸಾಲಿನಂತೆ ಬಂಡಿದಾರಿಯನ್ನು ಉತ್ತು ಒಳಗೆ ಹಾಕಿಕೊಂಡವನು ಊರಿನ ರೈತನೇ; ಅದನ್ನು ಕಂಡೂ ಸುಮ್ಮನಿದ್ದವರು ಊರಿನ ಮಹಾಜನರೇ. ನೂರು ದನಗಳಿಗೆ ಹನ್ನೆರಡು ಹೆಕ್ಟೇರಿನಂತೆ ಗೋಮಾಳವಿರಬೇಕೆಂದು 1966ರ ನಿಯಮಗಳು ವಿಧಿಸಿವೆ. ಗೋಮಾಳಕ್ಕೆ ಹೋಗುವ ದಾರಿಯೇ ಕಟ್ಟಿಹೋದರೆ ಆ ಹುಲ್ಲುಬಯಲು ಕಾಗದದ ಮೇಲಿದ್ದು ಪ್ರಯೋಜನವೇನು?

ದಾರಿ ತೆರೆದರೆ ವಿಹಾರಿಗಳು ಬಂದು ರಾಗಿಯನ್ನು ತುಳಿದು, ಅವರೆಕಾಯಿಯನ್ನು ಕಿತ್ತು, ಬಾಟಲಿಗಳನ್ನು ಎಸೆದು ಹೋಗುವರೆಂಬ ಆಕ್ಷೇಪಣೆಯುಂಟು. ಇದು ಹುಸಿಯಲ್ಲ. ಆದರೆ ಗುರುತಾದ ದಾರಿಯಿಲ್ಲದಿರುವುದರಿಂದಲೇ ಅಂಥವರು ಕಂಡಕಂಡಲ್ಲಿ ನುಗ್ಗುವರು. ದಾರಿ ಇಷ್ಟೆಂದು ಗೊತ್ತಾದರೆ ಅದನ್ನು ಬಿಟ್ಟು ಹೆಜ್ಜೆಯಿಟ್ಟವನ ತಪ್ಪೂ ಗೊತ್ತಾಗುವುದು. ಎಲ್ಲೆಡೆಯೂ ನಡೆಯಬಹುದೆಂದೂ ಯಾರೂ ಭಾವಿಸಬೇಕಾಗಿಲ್ಲ. ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ಧಾಮವಾಗಿದೆ. ಅಲ್ಲಿ ಹಕ್ಕಿಯ ನೆಮ್ಮದಿಯೇ ಮೊದಲು. ಕನಕಪುರ, ಚನ್ನಪಟ್ಟಣಗಳ ಕಾಡಂಚಿನಲ್ಲಿ ಆನೆಗಳು ಹೊಲಕ್ಕಿಳಿಯುವುದರಿಂದ, ಊರವರನ್ನು ಕೇಳದೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವುದು ಅವಿವೇಕ.

ಇಂಗ್ಲೆಂಡಿನಲ್ಲಿ 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಬಯಲಿಗೆ ನೂರಾರು ಜನ ಶ್ರಮಜೀವಿಗಳು ನಿಷೇಧವನ್ನು ಮೀರಿ ನಡೆದರು. ಕೆಲವರು ಸೆರೆಮನೆಯನ್ನೂ ಕಂಡರು. 1949ರಲ್ಲಿ ಅಲ್ಲಿ ಕಾನೂನಾಗಿ, ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ಬರೆಯಿಸುವ ಹೊಣೆ ಕೌಂಟಿಗಳ ಮೇಲೆ ಬಿತ್ತು. ಅವರು ಹೋರಾಡಿ ನಕಾಶೆಯನ್ನು ಪಡೆದರು. ಇಲ್ಲಿ ನಕಾಶೆಯು ಮೊದಲೇ ಸಿದ್ಧವಾಗಿದೆ. ಅದನ್ನು ಬಿಡಿಸಿ ನೋಡುವವರಿಲ್ಲ.

ಗ್ರಾಮನಕಾಶೆ ಈಗ ಅಂತರ್ಜಾಲದಲ್ಲಿಯೇ ದೊರೆಯುತ್ತದೆ. ನಿಂತ ನೆಲದ ಸರ್ವೆ ನಂಬರನ್ನು ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಮೊಬೈಲಿನಲ್ಲಿ ತೋರಿಸುತ್ತದೆ. ರಾಗಿ ಕೊಯ್ಲು ಮುಗಿದು ಬಯಲು ತೆರವಾಗುವ ಪುಷ್ಯಮಾಸದಲ್ಲಿ ಪ್ರತಿ ಊರಿನ ಪ್ರೌಢಶಾಲೆಯ ಮಕ್ಕಳು ಉಪಾಧ್ಯಾಯರೊಡನೆಯೂ ಹಿರಿಯರೊಡನೆಯೂ ನಕಾಶೆ ಹಿಡಿದು ಒಂದು ಸುತ್ತು ನಡೆದುಬರಲಿ. ಎಲ್ಲಿ ಬೇಲಿ, ಎಲ್ಲಿ ಒತ್ತುವರಿ ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ. ಸಭೆಯು ಅದನ್ನು ತಹಶೀಲ್ದಾರರಿಗೆ ಕಳುಹಿಸಿ, ಅಳತೆ ಮಾಡಿಸಿ, ತೆರವಾದ ದಾರಿಗೆ ಕಲ್ಲು ನೆಡಿಸಲಿ. ದಾರಿ ಬಲ್ಲ ವೃದ್ಧರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವರು. ಅವರೊಡನೆ ನಡೆದು ತಿಳಿಯುವ ಕೆಲಸವನ್ನು ಮುಂದಿನ ಸುಗ್ಗಿಗೆ ತಳ್ಳುವುದು ವಿದ್ಯಾವಂತರ ಮನೆಗಳಿಗೆ ಶೋಭಿಸುವ ನಡತೆಯಲ್ಲ.