ಪರ್ಸ್ ನಮ್ಮದು, ರೊಕ್ಕ ಯಾರದು?

ಹೆಣ್ಮಕ್ಕಳ ಪರ್ಸಿನ ಮ್ಯಾಲೆ ಗಂಡಸರು ಮಾಡೋ ಚಾಷ್ಟಿ ನಿಮಗೂ ಗೊತ್ತದ. 'ಅದೇನ್ ಪರ್ಸೋ, ಗೋಡೌನೋ' ಅಂತಾರ. ನಾವೂ ನಕ್ಕು ಸುಮ್ಮನಾಗ್ತೇವಿ. ಆದ್ರ ವೈನಿ, ಒಂದ್ಸಲ ಆ ಗೋಡೌನ್ ಹಾಸಗಿ ಮ್ಯಾಲೆ ಸುರುವಿ ನೋಡ್ರಿ. ಮನಿಯವರ ಚಾಳೀಸು, ಅತ್ತಿಯವರ ಬಿಪಿ ಗುಳಿಗಿ, ಹುಡುಗನ ನೀರಿನ ಬಾಟ್ಲಿ, ಹಳೇ ಕರೆಂಟ್ ಬಿಲ್ಲು. ನಿಮ್ಮದು ಅಂತ ಏನದ ಅದರಾಗ? ಒಂದು ಟಿಕಳಿ ಪಾಕೀಟು, ಒಂದು ಹಣಗಿ. ಮುಗೀತು.

ಕೊಳ್ಳೋದರಾಗ ಮಾತ್ರ ನಾವು ಕಡಿಮಿ ಇಲ್ಲ. ದುರ್ಗದ ಬೈಲಿಗೆ ಹೋದ್ರ ಒಂದು, ಸುಭಾಸ ರೋಡಿಗೆ ಹೋದ್ರ ಇನ್ನೊಂದು. ಸೀರಿಗೆ ಮ್ಯಾಚಿಂಗ್ ಒಂದು, ಮದವಿಗೆ ಅಂತ ಕಸೂತಿದೊಂದು. ಇರಲಿ, ಹೌಸಿ ತಪ್ಪಲ್ಲ. ನನ್ನ ಜಗಳ ಪರ್ಸ್ ಎಷ್ಟು ಅನ್ನೋದರ ಜೋಡಿ ಅಲ್ಲ. ಆರು ಪರ್ಸ್ ಇದ್ದಾಕಿ ನೂರು ರೂಪಾಯಿ ಬೇಕಾದ್ರ ಗಂಡನ ಅಂಗಿ ಕಿಸೆ ಕಡೆ ನೋಡ್ತಾಳಲ್ಲ, ಅದರ ಜೋಡಿ.

ನಮ್ಮ ಅಜ್ಜಿಯರ ಸಂಚಿ ನೆನಸ್ರಿ. ಅರಿವಿದು, ಒಳಗ ನಾಕೈದು ಖಾನೆ, ದಾರ ಎಳದ್ರ ಬಾಯಿ ಮುಚ್ಚತಿತ್ತು. ಎಲಿ, ಅಡಕಿ, ಸುಣ್ಣದ ಡಬ್ಬಿ, ಎಲ್ಲಾಕಿಂತ ಒಳಗಿನ ಖಾನೆದಾಗ ಹಾಲು ಬೆಣ್ಣಿ ಮಾರಿದ ರೊಕ್ಕ, ತವರಿನವರು ಕೊಟ್ಟದ್ದು. ಒಮ್ಮೆ ಟೊಂಕಕ್ಕ ಸಿಗಿಸಿದ್ರ ಅಜ್ಜಗೂ ಅದನ್ನ ಕೇಳಿ ಇಸ್ಕೋಬೇಕಾಗ್ತಿತ್ತು.

ಮುಂದ ಸಂಚಿ ಹೋಗಿ ಸಾಸವಿ ಡಬ್ಬಿ ಬಂತು. 2016ರ ನವೆಂಬರ್ 8ಕ್ಕ 500, 1,000 ರೂಪಾಯಿ ನೋಟು ರದ್ದಾದಾಗ ಆ ಡಬ್ಬಿಗಳ ಗುಟ್ಟೂ ರಟ್ಟಾತು. ತನ್ನ ಹೆಸರಿನ ಖಾತೆ ಇಲ್ಲದಾಕಿ ಗಂಡನ ಖಾತೆಕ್ಕ ತುಂಬಿದ್ಲು. ತಿರುಗಿ ಡಬ್ಬಿಗೆ ಎಷ್ಟು ಬಂತು ಅಂತ ಆಕಿನ್ನ ಕೇಳ್ರಿ.

ಈಗ ಖಾತೆ ಅವ. 2023ರ ಆಗಸ್ಟ್ 30ಕ್ಕ ಗೃಹಲಕ್ಷ್ಮಿ ಚಾಲೂ ಆತು, ಮನಿ ಯಜಮಾನಿ ಖಾತೆಕ್ಕ ತಿಂಗಳಿಗೆ 2,000 ರೂಪಾಯಿ. ಆದ್ರ ಎಟಿಎಂ ಕಾರ್ಡ್ ಎಲ್ಲದ? ಎಷ್ಟೋ ಮನಿಯಾಗ ಗಂಡನ ಪಾಕೀಟಿನ್ಯಾಗ, ಪಿನ್ ನಂಬರ್ ಮಗನ ತಲ್ಯಾಗ. ನೌಕರಿ ಮಾಡಿ ಪಗಾರ ತರೋ ಅಕ್ಕಾರ ಕಥಿನೂ ಭಾಳ ಕಡೆ ಇದ. 2023ರ ಜೂನ್ 11ರಿಂದ ಸರ್ಕಾರಿ ಸಾದಾ ಬಸ್ಸಿನ್ಯಾಗ ನಮಗ ಟಿಕೆಟ್ ರೊಕ್ಕ ಇಲ್ಲ, ಖರೇ. ಆದ್ರ ಇಳದ ಮ್ಯಾಲೆ ಬೇಕಲ್ಲ?

'ನಮ್ಮವರು ಎಲ್ಲಾ ನೋಡ್ಕೋತಾರ, ನಂಬಿಕಿ ಅದ' ಅಂತೀರಿ. ಇರಲಿ, ಇರಬೇಕು. ಆದ್ರ ನಂಬಿಕಿ ಬ್ಯಾರೆ, ಅಜ್ಞಾನ ಬ್ಯಾರೆ. ನಾಳೆ ಅವರ ದವಾಖಾನ್ಯಾಗ ಮಲಗಿದ್ರ ಕೌಂಟರಿನ್ಯಾಗ ನಿಂತು ರೊಕ್ಕ ಕಟ್ಟವರು ನೀವಲ್ಲೇನು? ಆಗ ಪಿನ್ ಯಾರನ್ನ ಕೇಳ್ತೀರಿ? ತವರಿಗೆ ಹೋಗಬೇಕು, ಅವ್ವಗ ಒಂದು ಸೀರಿ ಒಯ್ಯಬೇಕು ಅಂದ್ರ ಪ್ರತಿಸಲ ಲೆಕ್ಕ ಒಪ್ಪಿಸಬೇಕೇನು?

ಅದಕ್ಕ, ಮುಂದಿನ ಸಲ ಪರ್ಸ್ ತಗೊಳ್ಳುವಾಗ ಬಣ್ಣ ನೋಡ್ರಿ, ಚೈನ್ ಎಳದು ನೋಡ್ರಿ, ಚೌಕಾಶಿನೂ ಮಾಡ್ರಿ. ಆದ್ರ ಒಳಗಿನ ಖಾನೆ ನಿಮ್ಮದ ಇರಲಿ. ನಿಮ್ಮ ಕಾರ್ಡು, ನಿಮ್ಮ ಪಾಸ್‌ಬುಕ್ಕು, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಐದನೂರು ರೂಪಾಯಿ ಅಲ್ಲಿಡ್ರಿ. ಒಮ್ಮೆ ತಾವ ಎಟಿಎಮ್ಮಿಗೆ ಹೋಗಿ ರೊಕ್ಕ ತಗದ ಬರ್ರಿ. ಬರಲಿಲ್ಲಂದ್ರ ಕಾಲೇಜಿಗೆ ಹೋಗೋ ಮಗಳನ್ನ ಕರಕೊಂಡ ಹೋಗ್ರಿ. ಆಕಿನೂ ನೋಡಿ ಕಲೀತಾಳ.