ಆಟದ ಅವಧಿ ಎಲ್ಲ ಮಕ್ಕಳದಾಗಲಿ

ಪ್ರತಿಯೊಂದು ಶಾಲೆಗೂ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿದೆ. ಆದರೆ 30-40ರ ನಿವೇಶನಗಳು ಒತ್ತೊತ್ತಾಗಿರುವ ಗೋವಿಂದರಾಜನಗರದಂಥ ಬಡಾವಣೆಯಲ್ಲಿ ಬಯಲು ಎಲ್ಲಿಂದ ಬರಬೇಕು? ಹಿಂದೆ ಲಗೋರಿ ಆಡುತ್ತಿದ್ದ ಅಡ್ಡರಸ್ತೆಗಳಲ್ಲಿ ಇಂದು ಕಾರುಗಳು ಸಾಲುಗಟ್ಟಿವೆ. ಹೀಗಾಗಿ ಅನೇಕ ಮಕ್ಕಳಿಗೆ ಮೈದಣಿಯೆ ಓಡಲು ಶಾಲೆಯ ಆಟದ ಅವಧಿಯೊಂದೇ ಗತಿ. ಪರೀಕ್ಷೆ ಸಮೀಪಿಸಿತೆಂದು ಅದನ್ನೂ ಗಣಿತಕ್ಕೆ ಕೊಟ್ಟುಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಪಾಲಕರಾದ ನಾವೂ ಅದಕ್ಕೆ ತಕರಾರು ಎತ್ತಿದವರಲ್ಲ.

ಅವಧಿ ಉಳಿದ ಶಾಲೆಗಳಲ್ಲಾದರೂ ಆಡುವವರು ಯಾರು? ಇಬ್ಬರು ನಾಯಕರು ಚುರುಕಾದವರನ್ನೆಲ್ಲ ಆರಿಸಿಕೊಂಡ ಮೇಲೆ ಯಾರಿಗೂ ಬೇಡವಾಗಿ ಒಂದು ಮಗು ಉಳಿಯುತ್ತದೆ. ಮೊದಲು ಔಟಾಗುವುದೂ ಅದೇ, ಗಂಟೆ ಬಾರಿಸುವವರೆಗೆ ಗೋಡೆಗೊರಗಿ ಕೂರುವುದೂ ಅದೇ. ಯಾರಿಗೆ ಓಟದ ಅಗತ್ಯ ಹೆಚ್ಚೋ ಅವರಿಗೇ ಓಟವಿಲ್ಲ! ಮನೆಪಾಠ ಬರೆಯದವರನ್ನು ಮೈದಾನ ಸುತ್ತಿಸುವ ಶಿಕ್ಷೆಯಂತೂ ನಿಲ್ಲಲೇಬೇಕು. ಓಡುವುದೆಂದರೆ ದಂಡನೆಯೆಂದು ಕಲಿತ ಮಗು ಆಟವನ್ನು ಪ್ರೀತಿಸುವುದೆಂತು?

ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಖೋ-ಖೋ ಆಟಕ್ಕೆ ಎರಡು ಕಂಬ ಸಾಕು. ಸಾಲಿನಲ್ಲಿ ಕುಳಿತ ಎಂಟು ಮಂದಿಯೂ ತಮ್ಮ ಬೆನ್ನಿಗೆ ಯಾವಾಗ ‘ಖೋ’ ಬೀಳುವುದೋ ಎಂದು ಕಾತರದಿಂದಿರುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ತಿಳಿಸಬೇಕು. ಮುಟ್ಟಾಟದಲ್ಲಿ ಔಟಾದವರು ಹತ್ತು ಬಾರಿ ಕುಪ್ಪಳಿಸಿ ಮತ್ತೆ ಒಳಗೆ ಬರಲಿ. ದೊಡ್ಡ ತಂಡವೊಂದರ ಬದಲು ನಾಲ್ಕು ಚಿಕ್ಕ ತಂಡಗಳಾದರೆ ಚೆಂಡು ಎಲ್ಲರ ಕಾಲಿಗೂ ಸಿಗುತ್ತದೆ. ದೈಹಿಕ ಶಿಕ್ಷಕರಿಗೆ ಇವು ಹೊಸ ಸಂಗತಿಗಳಲ್ಲ. ಆದರೆ ಬಹುಮಾನ ತರುವ ಹನ್ನೊಂದು ಮಂದಿಯನ್ನು ಮಾತ್ರ ಅವರಿಂದ ಕೇಳುವ ಆಡಳಿತ ಮಂಡಳಿಗಳು ಇವನ್ನು ಗಮನಿಸಬೇಕು.

ಟ್ಯೂರಿನ್ ನಗರದ ಬಡ ಹುಡುಗರನ್ನು ಕೂಡಿಸಿ ತಾವೂ ಅವರೊಡನೆ ಆಡಿದ ಸಂತ ಜಾನ್ ಬೋಸ್ಕೊರವರನ್ನು ನೆರೆಯವರು ಗದ್ದಲದ ಕಾರಣಕ್ಕೆ ಜಾಗದಿಂದ ಜಾಗಕ್ಕೆ ಅಟ್ಟಿದ್ದರು. 1846ರಲ್ಲಿ ವಾಲ್ಡೊಕ್ಕೊದಲ್ಲಿ ಒಂದು ಕೊಟ್ಟಿಗೆಯೂ ಅದರ ಸುತ್ತಣ ನೆಲವೂ ದೊರೆತ ಮೇಲಷ್ಟೇ ಅವರು ನೆಲೆನಿಂತರು. ನಮ್ಮ ಚರ್ಚ್ ಆವರಣಗಳು ಭಾನುವಾರದ ಬಲಿಪೂಜೆಯ ನಂತರ ಬರಿದಾಗುತ್ತವೆ. ಧರ್ಮೋಪದೇಶದ ತರಗತಿ ಮುಗಿದೊಡನೆ, ಜಾತಿಮತ ನೋಡದೆ ಬಡಾವಣೆಯ ಎಲ್ಲ ಮಕ್ಕಳಿಗೂ ಅವನ್ನು ಒಂದು ಗಂಟೆ ಬಿಟ್ಟುಕೊಡುವ ವಿಷಯವನ್ನು ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮುಂದಿನ ಸಭೆಯಲ್ಲೇ ಚರ್ಚೆಗೆ ಎತ್ತಿಕೊಳ್ಳಲಿ. ಗದ್ದಲವಂತೂ ಆಗಿಯೇ ಆಗುತ್ತದೆ.